ದಾಖಲೆಪಟ್ಟಿಯಲ್ಲಿ ‘ಅಜ್ಜಿ’

ಆಗಸ್ಟ್ ೯, ಶನಿವಾರ

ಮೊಮ್ಮಗಳು ಕೈಯಲ್ಲಿ ಹಿಡಿದು ಆಡುವ ಬೈಕ್ ರೇಸ್ ಗೇಮಿನ ವಿರುದ್ಧ ಪತ್ರಿಕೆಗೆ ಪತ್ರ ಬರೆಯಲು ಕೂತಿದ್ದೆ. ಮಳೆಯ ರಸ್ತೆಯನ್ನೇ ಆರಿಸಿಕೊಳ್ಳಬಹುದಂತೆ, ಬ್ರೇಕನ್ನು ಗೇಮಿಗೇ ಒಪ್ಪಿಸಬಹುದಂತೆ, ಬಿದ್ದರೆ ಮೂರೇ ಸೆಕೆಂಡಿಗೆ ಎದ್ದು ಓಡಬಹುದಂತೆ! ಮಕ್ಕಳಿಗೆ ಕಲಿಸುವ ಪಾಠವೇ ಇದು? ಮೊಮ್ಮಗಳು ಎಷ್ಟು ಆಡಿದ್ದಾಳೆಂಬ ಪುರಾವೆಗೆಂದು ಗೇಮಿನ ಅತಿಹೆಚ್ಚು ಅಂಕಗಳ ದಾಖಲೆಪಟ್ಟಿ ತೆರೆದೆ. ಮೊದಲ ಐದೂ ಸ್ಥಾನದಲ್ಲಿ ‘ಅಜ್ಜಿ’.

“ನೀನಾ?” ಎಂದೆ ಹೆಂಡತಿಗೆ.

“ಹೂಂ ರೀ, ನಾನೇ. ಬ್ರೇಕೂ ನಾನೇ ಹಿಡಿಯೋದು. ಮದುವೆಯಾದ ವರ್ಷ ಸ್ಕೂಟರ್ ಕಲಿಸಿ ಅಂದಿದ್ದೆ. ಬಿದ್ದರೆ ಎತ್ತೋರ್ಯಾರು ಅಂದ್ರಿ. ನೆನಪಿದೆಯಾ?”

ನಲವತ್ತು ವರ್ಷ ಪತ್ರಿಕೆಗೆ ಪತ್ರ ಬರೆದು ಖಂಡಿಸಿದ ಮಂತ್ರಿಗಳ ಸುಳ್ಳುಗಳೆಲ್ಲ ತಾರೀಖು ಸಮೇತ ನನಗೆ ನೆನಪಿವೆ. ಇದು ನೆನಪಿರಲಿಲ್ಲ.

ಪತ್ರ ಹರಿದೆ. ಪಕ್ಕದ ಕೋಣೆಯಲ್ಲಿ ಹೆಂಡತಿ ಮತ್ತೆ ಆಡುತ್ತಿದ್ದಾಳೆ. ಈಗ ಬಿದ್ದಳೆಂದು ಕಾಣುತ್ತದೆ. ಒಂದು, ಎರಡು,