ಹನ್ನೆರಡು ಗಂಟೆ ಹಾರಿ ಬಂದ ರಾಜಕುಮಾರಿ

ಮಾರ್ಚ್ ೧೪, ಶುಕ್ರವಾರ

ಆಹಾ, ನನ್ನ ಲೆಕ್ಕವೇ! ತಂಗಿಯ ವಿಮಾನ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ಇಳಿಯುತ್ತದೆಂದು ಟಿಕೆಟ್ಟಿನಲ್ಲಿ ಕಂಡು, ನಾಲ್ಕೇ ಗಂಟೆಯ ಪ್ರಯಾಣವೆಂದುಕೊಂಡು ಮೂರಕ್ಕೇ ತಾಲೀಮು ಇಟ್ಟುಬಿಟ್ಟೆ. ಅವಳ ಊರಿನ ಗಡಿಯಾರ ನಮ್ಮದಕ್ಕಿಂತ ಎಂಟು ಗಂಟೆ ಮುಂದೆಯೆಂಬುದು ಹೊಳೆಯಲೇ ಇಲ್ಲ. ಪಾಪ, ಹತ್ತು ಸಾವಿರ ಕಿಲೋಮೀಟರು, ಹನ್ನೆರಡು ಗಂಟೆ ಕೂತೇ ಬಂದಿದ್ದಾಳೆ!

ನಾಳೆಯೇ ನಾಟಕ; ರಾಜಕುಮಾರಿಯ ಪಾತ್ರಕ್ಕೆ ಅವಳನ್ನು ಬಿಟ್ಟರೆ ಗತಿಯಿಲ್ಲ. ಸಾಯುವ ದೃಶ್ಯದಲ್ಲಿ ಮಲಗಿದವಳು ಗೊರಕೆಯನ್ನೇ ಹೊಡೆದಳು.

“ನಾಳೆಗಾದ್ರೂ ಏಳ್ತಾಳೇನಯ್ಯಾ?” ಎಂದರು ನಾಟಕದ ಮೇಷ್ಟ್ರು.

ಆದರೂ ನಾಟಕದಲ್ಲಿ ಮಗಳನ್ನು ಕಳೆದುಕೊಂಡ ಮಹಾರಾಜನಲ್ಲವೇ ನಾನು! ಎದೆ ಬಡಿದುಕೊಂಡು, ರಂಗಮಂದಿರವೇ ನಡುಗುವಂತೆ ಗೋಳಾಡಿದೆ.

ಸತ್ತ ರಾಜಕುಮಾರಿ ಕಣ್ಣು ಬಿಡದೆಯೇ ನುಡಿದಳು: “ಅಣ್ಣಾ, ಸ್ವಲ್ಪ ಮೆಲ್ಲಗೆ ಅಳೋ. ನಾಳೆಗೆ ಗಂಟಲು ಉಳಿಸ್ಕೋ. ನಾನಂತೂ ಸರಿಯಾದ ಹೊತ್ತಿಗೆ ಬಂದು ಸಾಯ್ತೀನಿ.”