ಸಾಲು ತಪ್ಪಿದ ಹಳದಿ ಬೋರ್ಡು

ಕಾಪು
೧೮ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಮಗಳು ಪ್ರಣೀತಾಳಿಗೆ,

ಪಪ್ಪನ ಆಶೀರ್ವಾದ, ಅಮ್ಮನ ನೆನಪು. ನಾವು ಇಲ್ಲಿ ಕ್ಷೇಮ. ಕ್ಷೇಮ ಅಂದರೆ ನಿನ್ನ ಅಮ್ಮನಿಗೆ ಮಂಡಿ ನೋವು, ನನಗೆ ಮಂಡೆ ನೋವು. ಪ್ರಾಸ ಕೂಡಿ ಬಂದದ್ದರಿಂದ ಸಂಸಾರ ಹೊಂದಿಕೊಂಡು ಹೋಗುತ್ತಾ ಉಂಟು.

ಶುಕ್ರವಾರ ಸಂಜೆಯಿಂದ ನೀನು ಏಳು ಸಲ ಫೋನು ಮಾಡಿದ್ದಿ. ನಾನು ಎತ್ತಲಿಲ್ಲ. ತಪ್ಪು ನನ್ನದು, ಮನ್ನಿಸು. ಹದಿನೆಂಟು ಕಿಲೋಮೀಟರ್ ದೂರದ ಮಣಿಪಾಲಕ್ಕೆ ಯಾರಾದರೂ ಕಾಗದ ಬರೆಯುತ್ತಾರಾ ಎಂದು ಅಮ್ಮ ಕೇಳಿದಳು. ಫೋನಿನಲ್ಲಾದರೆ ನಾನು ತುಳುವಿನಲ್ಲಿ ಬೈಯುತ್ತೇನೆ, ಕಾಗದದಲ್ಲಾದರೆ ಕನ್ನಡದಲ್ಲಿ. ಕನ್ನಡದಲ್ಲಿ ಬೈಯಬೇಕಾದರೆ ಕ್ರಿಯಾಪದವನ್ನು ಪೂರ್ತಿ ಮಾಡಬೇಕು. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ಈ ಸಲ ಇಳಿಯುವ ಲಕ್ಷಣ ಕಾಣುವುದಿಲ್ಲ. ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಲಕೋಟೆ ಕೊಡುತ್ತೇನೆ, ಮಣಿಪಾಲದಲ್ಲಿ ಇಳಿಸಿಕೋ. ಗುರುವಾರದ ಮೊದಲು ನೀನು ಓದಬೇಕು.

ಗುರುವಾರ ಬೆಳಿಗ್ಗೆ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೀಟಿಂಗ್. ಕದ್ದು ಆ್ಯಪ್ ಟ್ಯಾಕ್ಸಿ ಓಡಿಸುವವರ ಹೆಸರನ್ನು ಎಲ್ಲರ ಎದುರು ಓದಿ, ಅಂಥವರನ್ನು ಸಾಲಿನಿಂದ ತೆಗೆದುಹಾಕುವ ಕೆಲಸ ಕಾರ್ಯದರ್ಶಿಯದ್ದು. ಕಾರ್ಯದರ್ಶಿ ನಾನು. ಪಟ್ಟಿಯಲ್ಲಿ ಇರುವುದು ಒಂದೇ ಹೆಸರು. ಅದೂ ನಾನೇ. ಉಳಿದ ಹನ್ನೆರಡು ಮಂದಿಗೆ ಇನ್ನೂ ಗೊತ್ತಿಲ್ಲ.

ನೀನು ಆ ಸಾಲು ನೋಡುತ್ತಲೇ ಬೆಳೆದವಳು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನಗೇ ಮರೆತುಹೋದೀತು. ಹದಿಮೂರು ಕಾರು. ತಲೆಯಲ್ಲಿ ನಿಂತವನಿಗೆ ಮೊದಲ ಬಾಡಿಗೆ, ಹೋಗಿ ಬಂದವನು ಬಾಲಕ್ಕೆ. ಆದರೆ ಮೂರು ಗಂಟೆ ಕಾದವನಿಗೆ ಬರೀ ಇನ್ನಂಜೆಯಷ್ಟು ಹತ್ತಿರದ ಬಾಡಿಗೆ ಸಿಕ್ಕಿತು ಅಂತಿಟ್ಟುಕೋ. ಅವನು ಬರುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ 'ಇನ್ನಂಜೆ' ಎಂದು ಕೂಗುತ್ತಾನೆ. ಹನ್ನೆರಡು ಕಾರೂ ಒಂದೊಂದು ಕಾರಿನಷ್ಟು ರಿವರ್ಸ್ ಹೋಗುತ್ತವೆ, ಅವನು ಪುನಃ ತಲೆಗೆ ನಿಲ್ಲುತ್ತಾನೆ. ಕಾರು ಶಿರ್ವದ ದಾರಿಯಲ್ಲಿ ಹೋಗಿರಲಿ, ಪಾಂಗಾಳಕ್ಕೇ ಹೋಗಿರಲಿ, ಕೂಗುವ ಶಬ್ದ ಅದೇ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಗಣಪಣ್ಣ ಮೂವತ್ತು ವರ್ಷದ ಹಿಂದೆ ಮಾಡಿದ ಕಾನೂನು ಇದು. ಯಾವ ಇಲಾಖೆಯ ಪುಸ್ತಕದಲ್ಲಿಯೂ ಇಲ್ಲ. ಕೂಗಿದವನು ಸುಳ್ಳು ಹೇಳಿದ್ದಾನಾ ಎಂದು ಇವತ್ತಿನವರೆಗೆ ಯಾರೂ ಮೀಟರ್ ನೋಡಿಲ್ಲ.

ಆಗಸ್ಟಿನಲ್ಲಿ ಸ್ಟ್ಯಾಂಡಿನ ಎದುರಿಗೇ ಒಂದು ಆ್ಯಪಿನ ಕಾರು ಬಂದು ನಿಂತಿತು. ಮಟ್ಟುವಿನ ರೋಸಿ ಬಾಯಿ ನಮ್ಮ ಹದಿಮೂರು ಕಾರುಗಳನ್ನೂ ದಾಟಿ ನಡೆದುಹೋಗಿ ಅದಕ್ಕೆ ಹತ್ತಿದರು. ಇಪ್ಪತ್ತು ವರ್ಷದಿಂದ ನಮ್ಮ ಕಾರಿನಲ್ಲಿಯೇ ಸಂತೆಗೆ, ಇಗರ್ಜಿಯ ಪ್ರಾರ್ಥನೆಗೆ, ಆಸ್ಪತ್ರೆಗೆ ಹೋಗುತ್ತಿದ್ದವರು. ನಾನು ಓಡಿಹೋಗಿ ಕಿಟಕಿಯಿಂದ ಕೈ ಹಾಕಿ ಕೀ ತೆಗೆದೆ. ಓಡಿಸುವವನು ಕಾರ್ಕಳದವನು, ರೋಹಿತ್ ಅಂತ, ಮೂವತ್ತು ದಾಟಿರಬೇಕು.

"ಕೀ ಕೊಡಿ ಅಣ್ಣ. ನನ್ನದೂ ಹಳದಿ ಬೋರ್ಡೇ. ಪರ್ಮಿಟ್ ಉಂಟು, ಬ್ಯಾಡ್ಜ್ ಉಂಟು" ಅಂದ.

"ಸಾಲು ಉಂಟಾ?" ಎಂದು ಕೇಳಿದೆ.

"ಸಾಲ ಉಂಟು" ಅಂದ.

ಪ್ರಾಸಕ್ಕೆ ತಲೆಬಾಗುವವನು ನಾನು. ಆದರೂ ಕೀ ಕೊಡಲಿಲ್ಲ. ಅಷ್ಟರಲ್ಲಿ ರೋಸಿ ಬಾಯಿ ಕೆಳಗಿಳಿದರು. "ಸುಂದರ, ಕೀ ಕೊಡು ಅವನಿಗೆ."

"ಬಾಯಿ, ಮಳೆ ಬಂದರೆ ಇವರದ್ದು ದರ ಏರುತ್ತದೆ. ನಾವು ಮಳೆಗೆ ಗಾಜು ಏರಿಸುವವರು, ದರ ಏರಿಸುವವರಲ್ಲ."

"ನಿನ್ನ ಕಾರಿನ ಎಡಬದಿಯ ಗಾಜು ಏರುದೇ ಇಲ್ಲ. ಹೋದ ಮಳೆಗಾಲ ನನ್ನ ಸೀರೆ ಪೂರ್ತಿ ನೆನೆದು ಚಂಡಿ" ಅಂದರು. "ಮಟ್ಟುವಿಗೆ ಎಷ್ಟು ಅಂತ ಕೇಳಿದರೆ ನೀವು ಮೊದಲು ಮುಖ ನೋಡುದು, ಆಮೇಲೆ ಕೈಚೀಲ ನೋಡುದು. ಮತ್ತೆ 'ಖಾಲಿ ಬರಬೇಕಲ್ವಾ ಬಾಯಿ' ಅಂತ ಹೋಗುದಕ್ಕೂ ಬರುದಕ್ಕೂ ಸೇರಿಸಿ ಹೇಳುದು. ನೀನು ಖಾಲಿ ಬರುದಕ್ಕೆ ನಾನ್ಯಾಕೆ ತುಂಬಿಸಬೇಕು?"

ಹನ್ನೆರಡು ಮಂದಿ ಕೇಳಿಸಿಕೊಂಡರು. ಒಬ್ಬನಾದರೂ 'ಹಾಗಲ್ಲ ಬಾಯಿ' ಅನ್ನಲಿಲ್ಲ. ಹಾಗೆಯೇ ಇದ್ದದ್ದಲ್ವಾ? ಕೀ ಕೊಟ್ಟೆ. ಆ ಸಿಟ್ಟಿನಲ್ಲಿಯೇ ಸ್ಟ್ಯಾಂಡಿನ ಬೋರ್ಡಿಗೆ ಎರಡು ಸಾಲು ಬರೆದೆ:

ಸಾಲಲ್ಲಿ ನಿಂತವ ಸಾಚಾ
ಸಾಲು ತಪ್ಪಿಸಿದವ ನೀಚ

"ನೀಚ ಅಂದದ್ದು ಸ್ವಲ್ಪ ಜೋರಾಯಿತಲ್ವಾ ಮಾರಾಯ?" ಎಂದು ಗಣಪಣ್ಣ ಕೇಳಿದರು. "ಪ್ರಾಸಕ್ಕೆ ಬೇಕು ಗಣಪಣ್ಣ" ಅಂದೆ. ಪ್ರಾಸಕ್ಕೆಂದು ತಂದ ಶಬ್ದ ಈಗ ದಿನಾ ನನ್ನ ಗಾಜಿನ ಎದುರು ನಿಂತು ನನ್ನನ್ನೇ ಓದುತ್ತದೆ. ಅದೇ ವಾರ ನಿನಗೆ ಫೋನು ಮಾಡಿ, ಆ್ಯಪಿನ ಕಾರಿಗೆ ಜನ್ಮದಲ್ಲಿ ಹತ್ತುವುದಿಲ್ಲ ಎಂದು ಮಾರಿಯಮ್ಮನ ಹೆಸರಿನಲ್ಲಿ ಆಣೆ ಹಾಕಿಸಿದ್ದೆ. "ಆಯ್ತು ಪಪ್ಪ, ಬಸ್ಸು ಉಂಟಲ್ಲ" ಅಂದಿದ್ದಿ.

ಅಕ್ಟೋಬರಿನಲ್ಲಿ ಒಂದು ದಿನ ಬೆಳಿಗ್ಗೆ ಏಳಕ್ಕೆ ತಲೆಯಲ್ಲಿ ನಿಂತವನು ಸಂಜೆ ಆರಕ್ಕೂ ತಲೆಯಲ್ಲಿಯೇ ಇದ್ದೆ. ಹಿಂದೆ ಹನ್ನೆರಡು ಮಂದಿ ನನ್ನ ಬೆನ್ನು ನೋಡಿಕೊಂಡು ಕೂತಿದ್ದರು. ಬಾಡಿಗೆ ಬಾರದಿದ್ದರೆ ಅದು ತಲೆಯಲ್ಲಿ ನಿಂತವನ ಕಾಲ್ಗುಣ, ಗೊತ್ತುಂಟಲ್ಲ. ಗಣಪಣ್ಣ ಬೀಡಿ ಆರಿಸಿ ಹೇಳಿದರು, "ಇದು ಸಾಲಲ್ಲ ಸುಂದರ, ಇದು ಪಾರ್ಕಿಂಗ್."

ಮರುದಿನ ಕಟಪಾಡಿಯ ಪೆಟ್ರೋಲ್ ಬಂಕಿನಲ್ಲಿ ಆ ರೋಹಿತ್ ಸಿಕ್ಕಿದ. ಸಿಕ್ಕಿದ ಅಂದರೆ ನಾನೇ ಹುಡುಕಿಕೊಂಡು ಹೋದದ್ದು.

"ಕೀ ತೆಗೆದವರು ನೀವೇ ಅಲ್ವಾ ಅಣ್ಣ?"

"ಹೌದು. ಈಗ ಈ ಆ್ಯಪಿನ ಬೀಗ ತೆಗೆಯುವುದು ಹೇಗೆ ಹೇಳು."

ಅವನು ನಗಲಿಲ್ಲ. ಅದಕ್ಕಾಗಿ ಅವನನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಲೈಸೆನ್ಸಿನ ಫೋಟೋ ತೆಗೆದ, ಪರ್ಮಿಟಿನದ್ದು ತೆಗೆದ, ಕೊನೆಗೆ ನನ್ನದು. "ಸ್ವಲ್ಪ ನಗಿ ಅಣ್ಣ" ಅಂದ. ಆಗಲಿಲ್ಲ. ಆ ಸಿಟ್ಟಿನ ಮುಖವೇ ಈಗ ಕಾರು ಕರೆದವರ ಫೋನಿನಲ್ಲಿ ಬರುತ್ತದೆ.

ಕಾಪುವಿನಲ್ಲಿ ಓಡಿಸಿದರೆ ಸಿಕ್ಕಿಬೀಳುತ್ತೇನೆಂದು ಮಧ್ಯಾಹ್ನ ಎರಡರಿಂದ ಆರರವರೆಗೆ ಮಣಿಪಾಲದಲ್ಲಿ ಓಡಿಸತೊಡಗಿದೆ. ಸ್ಟ್ಯಾಂಡಿನವರಿಗೆ ಹೇಳಿದ್ದು, ಗೇರ್ ಬಾಕ್ಸ್ ರಿಪೇರಿಗೆ ಕೊಂಡುಹೋಗುತ್ತೇನೆ ಅಂತ. ತಿಂಗಳಿಡೀ ದಿನಾ ನಾಲ್ಕು ಗಂಟೆ ರಿಪೇರಿಯಾಗುವ ಗೇರ್ ಬಾಕ್ಸ್ ಭೂಮಿಯ ಮೇಲೆ ನನ್ನದೊಂದೇ ಇರಬೇಕು. ಅಮ್ಮನಿಗೆ ಮಾತ್ರ ನಿಜ ಹೇಳಿದೆ. "ಪ್ರಾಸ ಬರೆದವರಿಗೇ ತ್ರಾಸ" ಅಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಕಟ್ಟಿದ ಮೊದಲ ಪ್ರಾಸ, ಅದೂ ನನ್ನ ಮೇಲೆ.

ಈಗ ಬೈಯುತ್ತೇನೆ, ಕೇಳು. ಸರಕಾರ ನಮಗೆ ಬೋರ್ಡಿನ ಬಣ್ಣ ಬರೆದುಕೊಟ್ಟಿತು, ಬ್ಯಾಡ್ಜಿನ ನಂಬರ್ ಬರೆದುಕೊಟ್ಟಿತು, ಕಿಲೋಮೀಟರಿಗೆ ಇಷ್ಟು ಎಂದು ದರ ಬರೆದುಕೊಟ್ಟಿತು. ತೆರಿಗೆ ಕಟ್ಟು, ಫಿಟ್‌ನೆಸ್ ಮಾಡಿಸು, ಒಂದು ಲೈಟು ಉರಿಯದಿದ್ದರೆ ನಾಳೆ ಬಾ. ಆ್ಯಪಿಗೆ ದರ ಬರೆದುಕೊಡುವವರು ಯಾರು? ಮೋಡ. ಮೋಡ ಕವಿದರೆ ಏರುತ್ತದೆ, ಬಿಸಿಲು ಬಂದರೆ ಇಳಿಯುತ್ತದೆ, ಎರಡರಲ್ಲಿಯೂ ಓಡಿಸುವವನ ಪಾಲು ಮಾತ್ರ ಒಣಗಿಕೊಂಡೇ ಇರುತ್ತದೆ. ಮೋಡದ ಹತ್ತಿರ ಜಗಳ ಮಾಡಲು ಯಾವ ಆಫೀಸಿಗೆ ಹೋಗಬೇಕು?

ನಾನು ಹುಟ್ಟಿದ ಜಿಲ್ಲೆಯಲ್ಲಿ ನನಗೇ ದಾರಿ ಹೇಳುತ್ತದೆ ಅದು. ಪರ್ಕಳದಿಂದ ಬರುವಾಗ ಯಾರದ್ದೋ ಅಂಗಳದೊಳಗೆ ಎಡಕ್ಕೆ ತಿರುಗು ಅಂತು. ತಿರುಗಲಿಲ್ಲವೆಂದು ಸಿಟ್ಟು ಮಾಡಿತು. ಜಾತಕದಲ್ಲಿ ಮನುಷ್ಯನಿಗೆ ಒಂದು ನಕ್ಷತ್ರ ಸಾಕು, ಇದಕ್ಕೆ ಐದು ಬೇಕಂತೆ. ಹಿಂದಿನ ಸೀಟಿನಲ್ಲಿ ಕೂತವನೊಬ್ಬನ ಹತ್ತಿರ ಯಾವ ಊರು, ಊಟ ಆಯಿತಾ ಎಂದು ಕೇಳಿದೆ. ಇಳಿದು ಹೋಗಿ ಎರಡು ನಕ್ಷತ್ರ ಕಿತ್ತುಕೊಂಡ. ಕಾರಣ, ಚಾಲಕ ಮಾತಾಡುತ್ತಾರೆ. ನಮ್ಮ ಸ್ಟ್ಯಾಂಡಿನಲ್ಲಿ ಮಾತಾಡದ ಡ್ರೈವರನ್ನು ಜನ ಸಂಶಯದಿಂದ ನೋಡುತ್ತಾರೆ. ಒಂದು ದಿನ ಐದು ನಿಮಿಷದ ಒಂದು ಬಾಡಿಗೆ ಮುಗಿಸಿ, ಅಭ್ಯಾಸ ನೋಡು, ಕಿಟಕಿಯಿಂದ ಕೈ ಹಾಕಿ 'ಇನ್ನಂಜೆ' ಎಂದು ಕೂಗಿಬಿಟ್ಟೆ. ಸರ್ಕಲ್ಲಿನಲ್ಲಿದ್ದ ಹುಡುಗರೆಲ್ಲ ತಿರುಗಿ ನೋಡಿದರು. ಒಂದು ಕಾರೂ ರಿವರ್ಸ್ ಹೋಗಲಿಲ್ಲ.

ಆ್ಯಪಿನ ಮೇಲೆ ಎಷ್ಟು ಸಿಟ್ಟೋ ನಮ್ಮ ಮೇಲೂ ಅಷ್ಟೇ. ಸಾಲಿನೊಳಗೆ ನಾವು ಒಬ್ಬರಿಗೊಬ್ಬರು ಧರ್ಮರಾಯರು. ಕಾರಿಗೆ ಹತ್ತಿದವರಿಗೆ ಮಾತ್ರ ಮುಖ ನೋಡಿ ಮಣೆ. ದರದ ಪಟ್ಟಿ ಒಂದು ಗೋಡೆಗೆ ಅಂಟಿಸಿದ್ದರೆ ರೋಸಿ ಬಾಯಿ ನಮ್ಮನ್ನು ದಾಟಿ ಹೋಗುತ್ತಿರಲಿಲ್ಲ. ಅಂಟಿಸಲು ಇದ್ದ ಒಂದೇ ಬೋರ್ಡಿನಲ್ಲಿ ನಾನು ಪದ್ಯ ಬರೆದೆ.

ಕಳೆದ ವಾರ ಗಣಪಣ್ಣನಿಗೆ ಸುದ್ದಿ ಮುಟ್ಟಿತು, ನಮ್ಮಲ್ಲಿಯ ಯಾರೋ ಒಬ್ಬ ಮಣಿಪಾಲದಲ್ಲಿ ಆ್ಯಪ್ ಓಡಿಸುತ್ತಾನೆ ಅಂತ. ಅವರು ನೇರ ನನ್ನ ಹತ್ತಿರ ಬಂದು, "ಅವನು ಯಾರು ಅಂತ ನೀನೇ ಪತ್ತೆ ಮಾಡಿ ಬರೆ ಮಾರಾಯ. ನೀನು ಬಿ.ಎ. ಕನ್ನಡ, ಮರ್ಯಾದೆಯಿಂದ ಬರೆಯುತ್ತಿ" ಅಂದರು. ನನ್ನ ಕಣ್ಣು ನೋಡಿಯೇ ಅಂದರು. ಗೊತ್ತಿದ್ದು ಹೇಳಿದರಾ, ಗೊತ್ತಿಲ್ಲದೆ ಹೇಳಿದರಾ, ತಿಳಿಯಲಿಲ್ಲ. ಎಂಟು ದಿನ ಆ ಖಾಲಿ ಕಾಗದ ಡ್ಯಾಶ್‌ಬೋರ್ಡಿನಲ್ಲಿ ಇತ್ತು. ಇವತ್ತು ಬೆಳಿಗ್ಗೆ ಬರೆದೆ: ಸುಂದರ, ಸಾಲಿನಲ್ಲಿ ಹತ್ತೊಂಬತ್ತು ವರ್ಷ. ಪ್ರಾಸ ಹಾಕಲಿಲ್ಲ.

ಗುರುವಾರ ಓದುತ್ತೇನೆ. ಓದಿ ಆದಮೇಲೆ ದರದ ಪಟ್ಟಿ ಗೋಡೆಗೆ ಹಾಕಿ, ಖಾಲಿ ಬರುವುದಕ್ಕೆ ದುಡ್ಡು ಕೇಳುವುದು ನಿಲ್ಲಿಸಿ, ಎಂದೂ ಹೇಳುತ್ತೇನೆ. ಸಾಲಿನಿಂದ ಹೊರಗೆ ಹಾಕಿಸಿಕೊಂಡವನ ಉಪದೇಶ ಯಾರಿಗೆ ಬೇಕು ಎಂದು ಒಬ್ಬನಾದರೂ ಕೇಳುತ್ತಾನೆ. ಕೇಳಲಿ. ಹತ್ತೊಂಬತ್ತು ವರ್ಷ ನಿಂತ ಜಾಗಕ್ಕೆ ಮರುದಿನ ಬೇರೆ ಕಾರು ಬಂದು ನಿಲ್ಲುತ್ತದೆ. ಅದನ್ನು ನೋಡಲು ನಾನು ಆ ರಸ್ತೆಯಲ್ಲಿ ಹೋಗುವುದಿಲ್ಲ, ಒಳರಸ್ತೆಯಲ್ಲಿ ಹೋಗುತ್ತೇನೆ.

ನಿನ್ನ ಲ್ಯಾಬಿನ ಪರೀಕ್ಷೆ ಡಿಸೆಂಬರಿನಲ್ಲಿ ಅಂತ ಅಮ್ಮ ಹೇಳಿದಳು. ಬೆಳಿಗ್ಗೆ ತಿಂಡಿ ಬಿಡಬೇಡ. ಭಾನುವಾರ ಬಂದರೆ ಗುಳ್ಳ ಬದನೆಯ ಹುಳಿ ಮಾಡುತ್ತಾಳಂತೆ. ಓದು ತಲೆಗೆ ಹತ್ತಲಿ, ಊಟ ಮೈಗೆ ಹತ್ತಲಿ, ಯಾರ ಕಣ್ಣೂ ನಿನ್ನ ಮೇಲೆ ಹತ್ತದಿರಲಿ.

ನಿನ್ನ ಪಪ್ಪ,
ಸುಂದರ

ಮರೆತ ಮಾತು: ಮರೆತದ್ದಲ್ಲ. ಇಷ್ಟು ಪುಟ ಬರೆದದ್ದು ಇದನ್ನು ದಾಟಿ ಹೋಗಲಿಕ್ಕಾಗುತ್ತದಾ ಎಂದು ನೋಡಲು. ಆಗಲಿಲ್ಲ.

ಶುಕ್ರವಾರ ಸಂಜೆ ಐದೂ ಇಪ್ಪತ್ತಕ್ಕೆ ಟೈಗರ್ ಸರ್ಕಲ್ಲಿನ ಹತ್ತಿರ ನನ್ನ ಫೋನಿಗೆ ಒಂದು ಬಾಡಿಗೆ ಬಂತು. ಹೆಸರು ಪ್ರಣೀತಾ. ಮಣಿಪಾಲದಲ್ಲಿ ಪ್ರಣೀತಾ ಒಬ್ಬಳೇ ಅಲ್ಲ ಎಂದು ಒಪ್ಪಿಗೆ ಒತ್ತಿದೆ. ತಲೆ ಎತ್ತಿದರೆ ರಸ್ತೆಯ ಆಚೆ ಬದಿಯಲ್ಲಿ ಇಬ್ಬರು ಗೆಳತಿಯರ ಜತೆ ನೀನು. ಮೊದಲು ನನಗೆ ನಗು ಬಂತು. ಆಣೆ ಹಾಕಿಸಿದವನೂ ಕಳ್ಳ, ಹಾಕಿದವಳೂ ಕಳ್ಳಿ. ಆಗಲಿ, ಸಿಕ್ಕಿಬೀಳುವುದಾದರೆ ಮಗಳ ಕೈಗೇ ಬೀಳುತ್ತೇನೆ ಎಂದು ಕಾರಿನಿಂದ ಇಳಿದೆ.

ನೀನು ಫೋನು ನೋಡಿದಿ. ಕಾರು ನೋಡಿದಿ. ನನ್ನನ್ನೂ ನೋಡಿದಿ. ಗೆಳತಿಯರಿಗೆ ಎಂತದೋ ಹೇಳಿದಿ, ಮೂವರೂ ಒಂದು ರಿಕ್ಷಾ ಹತ್ತಿ ಹೋದಿರಿ. ನನ್ನ ಫೋನಿನಲ್ಲಿ ಬಂತು: ಬಾಡಿಗೆ ರದ್ದಾಗಿದೆ. ಕಾರಣ, ಚಾಲಕರೇ ರದ್ದು ಮಾಡಲು ಹೇಳಿದರು.

ಆ ಕಾರಣಕ್ಕೆ ಆ್ಯಪಿನವರು ನನ್ನನ್ನು ಎರಡು ದಿನ ಹೊರಗೆ ಇಟ್ಟರು. ಅದು ದೊಡ್ಡದಲ್ಲ. ಕಾರಣಗಳ ಪಟ್ಟಿಯನ್ನು ರೋಹಿತ್ ಆಮೇಲೆ ತೋರಿಸಿದ. ಕಾರು ತಡವಾಯಿತು ಎಂದು ಇತ್ತು. ಮನಸ್ಸು ಬದಲಾಯಿತು ಎಂದೂ ಇತ್ತು. ಅದನ್ನು ಒತ್ತಿದ್ದರೆ ನಾನು ನಂಬುತ್ತಿದ್ದೆ. ನನ್ನ ಮಾನ ಉಳಿಸಲು ಹೋದಿಯಾ, ಗೆಳತಿಯರ ಎದುರು ನಿನ್ನದನ್ನು ಉಳಿಸಿಕೊಂಡಿಯಾ, ನಾಲ್ಕು ದಿನದಿಂದ ಅದೊಂದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಇದ್ದೇನೆ. ಯಾವುದಾದರೂ ಬರೆ, ನಿಜ ಬರೆ.

ರದ್ದು ಮಾಡು ಎಂದು ನಾನು ಹೇಳಲಿಲ್ಲ ಮಗಾ. ನಾನು ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದೆ.