ಕವಚ ತೊಟ್ಟೂ ಮಂತ್ರ ಹೇಳಬಹುದು ಕಣೇ

ಅಂದ್ರೆ ನೀನೇ ಗೆದ್ದೆ ಕಣೇ ಪವಿ. ಕವಚ ಹಾಕ್ಕೊಂಡ್ರೂ ಮಂತ್ರ ನಡಿಯತ್ತೆ, ಇವತ್ತು ಕಣ್ಣಾರೆ ನೋಡ್ದೆ. ನೀನು ನನ್ನ ಬ್ಲಾಕ್ ಮಾಡಿದ್ದೀಯಲ್ಲ, ಈ ಮೆಸೇಜು ನನ್ ಫೋನಲ್ಲೇ ಬಿದ್ದಿರತ್ತೆ, ಬುಡು.

ಬಿಳಿಗೆರೆಲಿ ಅತ್ತೆ ಮನೆ ಗೃಹಪ್ರವೇಶಕ್ಕೆ ವೀರಗಾಸೆ ಕರೆಸಿದ್ರು. ಕುಣಿಯೋರಲ್ಲಿ ನಮ್ಮ ಸದಾಶಿವಯ್ಯ ಮಾವನೂ ಇದ್ರು. ಎದೆಗೆ ಹಿತ್ತಾಳೆ ಹಲಗೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ. ಅಷ್ಟು ಭಾರ ಹೊತ್ಕೊಂಡು ಮಂತ್ರದ ಹಾಗೆ ವೀರಭದ್ರನ ಒಡಪು ಹೇಳಿದ್ರು ನೋಡು, ತೋಟದಾಚೆ ನಾಯಿಗಳೆಲ್ಲ ಬೊಗಳಿದ್ವು!

ಊಟ ಆದ್ಮೇಲೆ, "ಮಾವ, ಅದನ್ನ ಕಟ್ಕೊಂಡ್ರೆ ಉಸಿರು ಕಟ್ಟಲ್ವಾ? ಕೈ ಆಡತ್ತಾ?" ಅಂದೆ.

"ಕೈ ಮುಗಿದು ನೀನೇ ಹಾಕ್ಕೊಂಡು ನೋಡವ್ವ" ಅಂತ ಹಲಗೆ ಕಟ್ಟೇಬಿಟ್ರು.

ಒಡಪು ಹೇಳಕ್ಕೆ ಹೋದ್ರೆ ಮೊದಲನೇ ಸಲ ಬರೀ ಕೆಮ್ಮು ಬಂತು. ಮೂರನೇ ಸಲ ನಾನು ಕೂಗಿದ್ದಕ್ಕೆ ಅಡುಗೆಯೋರು ಸೌಟು ಹಿಡ್ಕೊಂಡೇ ಈಚೆ ಬಂದ್ರು.

"ಅಭ್ಯಾಸ ಮಾಡಿದ್ರೆ ಯಾಕವ್ವ ಆಗಲ್ಲ?" ಅಂದ್ರು ಮಾವ.

ಅವತ್ತು ನಾವೆಲ್ಲ ಒಂದೊಂದು ಪಾತ್ರ ಆಗಿ ದಾಳ ಹಾಕಿ ಕಥೆ ಆಟ ಆಡ್ತಿದ್ದಾಗ ನೀನೂ ಇದನ್ನೇ ಅಲ್ವಾ ಹೇಳಿದ್ದು? "ನನ್ ಮಂತ್ರವಾದಿ ಕವಚ ತೊಟ್ಕೊಂಡೇ ವಿದ್ಯೆ ಕಲ್ತವಳು" ಅಂತ. ಆಟ ನಡೆಸೋಳು ನಾನು ಅನ್ನೋ ಜಂಬಕ್ಕೆ ಕವಚ ತೊಟ್ರೆ ಮಂತ್ರ ಆಗಲ್ಲ ಅಂತ ಗ್ರೂಪಲ್ಲಿ ರೂಲ್ಸ್ ಪುಸ್ತಕದ ಇಪ್ಪತ್ತು ಸ್ಕ್ರೀನ್‌ಶಾಟ್ ಹಾಕ್ದೆ. ಎಲ್ಲರೂ ನಕ್ರು. ಆಮೇಲೆ ನಿನ್ನನ್ನೇ ಗ್ರೂಪಿಂದ ತೆಗೆದೆ.

ನಿನ್ ಮಂತ್ರವಾದಿಯ ಶಕ್ತಿ, ಸಾಮಾನು ಎಲ್ಲ ಬರೆದಿರೋ ಹಾಳೆ ಇನ್ನೂ ನನ್ ಹತ್ರಾನೇ ಇದೆ. ನಾನು ಹೊಡೆದಾಕಿದ್ದ ಕವಚನ ಇವತ್ತು ಕೆಂಪು ಇಂಕಲ್ಲಿ ಮತ್ತೆ ಬರೆದೆ. ಭಾನುವಾರ ಆಟ ಇದೆ. ನಿನ್ ದಾಳ ಎತ್ಕೊಂಡು ಬತ್ತೀಯೋ, ಇಲ್ಲ ಅವಳನ್ನ ನಾನೇ ಆಡಿಸಿ ಮೊದಲನೇ ಜಗಳದಲ್ಲೇ ಸಾಯಿಸಿಬಿಡ್ಲೋ?